ಐಡಿಇ ಬೇಕೋ, ಹಗುರ ಎಡಿಟರ್ ಸಾಕೋ: ಕೆಲಸ ನೋಡಿ ಆರಿಸುವ ಬಗೆ

ಕೋಡ್ ಬರೆಯಲಷ್ಟೇ ಇರುವ ತಂತ್ರಾಂಶ ಎಡಿಟರ್; ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲವೂ ಒಂದೇ ಕಡೆ ಸಿಗುವ ದೊಡ್ಡ ತಂತ್ರಾಂಶ ಐಡಿಇ. ತುಮಕೂರಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲು ತೊಡಗಿದ ವಿದ್ಯಾರ್ಥಿಗಳು "ಇವೆರಡರಲ್ಲಿ ಯಾವುದನ್ನು ಹಾಕಿಕೊಳ್ಳಲಿ ಸರ್?" ಎಂದು ಕೇಳಿದಾಗ, ಬರೆಯಲು ಹೊರಟಿರುವುದು ಏನನ್ನು, ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಎಷ್ಟಿದೆ ಎಂಬ ಎರಡು ವಿಷಯಗಳನ್ನು ನಾನು ಮೊದಲು ವಿಚಾರಿಸುತ್ತೇನೆ.

ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯನ್ನು ತೋರಿಸುವ ಆ್ಯಂಡ್ರಾಯ್ಡ್ ಆ್ಯಪ್ ಒಂದನ್ನು ನೀವು ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ಪರದೆಯ ವಿನ್ಯಾಸ, ಬಿಲ್ಡ್ (ಕೋಡನ್ನು ಓಡುವ ಆ್ಯಪ್ ಆಗಿಸುವುದು), ಡಿಬಗ್ಗರ್ (ತಪ್ಪು ಹುಡುಕುವ ಸಾಧನ), ಕನ್ನಡ ಅನುವಾದದಲ್ಲಿ ಬಿಟ್ಟುಹೋದ ಸಾಲುಗಳ ಪಟ್ಟಿ, ಇವೆಲ್ಲವೂ ಒಂದೇ ಕಡೆ ಸಿಗುವ ಆ್ಯಂಡ್ರಾಯ್ಡ್ ಸ್ಟುಡಿಯೋ ಎಂಬ ಐಡಿಇಯನ್ನು ಬಿಟ್ಟು ಬೇರೆಡೆ ಒದ್ದಾಡುವುದರಲ್ಲಿ ಅರ್ಥವಿಲ್ಲ. ಅದೇ ಧಾರಣೆಯ ಪಟ್ಟಿಯಿಂದ ವಾರದ ಸರಾಸರಿ ತೆಗೆಯುವ 50 ಸಾಲಿನ ಪೈಥಾನ್ ಪ್ರೋಗ್ರಾಮಿಗೆ ಮಾತ್ರ ಜೀನಿ ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂತಹ ಹಗುರ ಎಡಿಟರ್ ಧಾರಾಳವಾಗಿ ಸಾಕು.

ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ಹೆಸರು ಬದಲಿಸುವಾಗ. ಜಾವಾ ಪ್ರಾಜೆಕ್ಟೊಂದರಲ್ಲಿ 'ರೇಟ್' ಎಂಬ ಮೆಥಡ್‌ಗೆ (ಹೆಸರಿಟ್ಟು ಕರೆಯುವ ಕೋಡ್‌ನ ತುಣುಕಿಗೆ) 'ಪ್ರೈಸ್' ಎಂದು ಹೆಸರಿಡಬೇಕಾಗಿದೆ. ಸಾದಾ ಎಡಿಟರ್‌ನಲ್ಲಿ ಹುಡುಕಿ ಬದಲಿಸಲು ಹೋದರೆ, ಇಡೀ ಪದವನ್ನೇ ಹುಡುಕು ಎಂದು ಸೂಚಿಸದಿದ್ದಲ್ಲಿ 'ಜನರೇಟ್' ಎಂಬುದರೊಳಗಿನ 'ರೇಟ್' ಕೂಡ ಬದಲಾಗಿ ಪ್ರೋಗ್ರಾಂ ಕೆಡುತ್ತದೆ. ಇಂಟೆಲಿಜೆಯಂತಹ ಐಡಿಇಯಲ್ಲಿ ಶಿಫ್ಟ್ ಮತ್ತು ಎಫ್6 ಒತ್ತಿದರೆ, ಅದು ಅಕ್ಷರಗಳನ್ನಷ್ಟೇ ಅಲ್ಲದೆ ಕೋಡ್‌ನ ರಚನೆಯನ್ನೂ ಅರಿತು, ಆ ಮೆಥಡ್ ಬಳಕೆಯಾದ ಕಡೆಗಳಲ್ಲಿ ಮಾತ್ರ ತಿದ್ದುತ್ತದೆ. 2016ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಿಂದಾಗಿ (ಕೋಡ್ ಅರಿಯುವ ಪ್ರೋಗ್ರಾಂ ಮತ್ತು ಎಡಿಟರ್ ಮಾತಾಡಿಕೊಳ್ಳುವ ನಿಯಮಗಳಿಂದಾಗಿ) ಈ ತಿಳಿವಳಿಕೆ ಎಡಿಟರ್‌ಗಳಿಗೂ ದಕ್ಕಿದೆ. ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಸೂಕ್ತ ಎಕ್ಸ್‌ಟೆನ್ಷನ್ (ಮೇಲಿಂದ ಸೇರಿಸಿಕೊಳ್ಳುವ ಭಾಗ) ಇದ್ದರೆ ಎಫ್2 ಒತ್ತಿ ಇದೇ ಕೆಲಸ ಮಾಡಬಹುದು.

ಆದರೆ ಆ ಎಕ್ಸ್‌ಟೆನ್ಷನ್‌ಗಳಿಗೂ ಮೆಮೊರಿ ಬೇಕು. ಜಾವಾ ಎಕ್ಸ್‌ಟೆನ್ಷನ್ ಹಿಂಬದಿಯಲ್ಲಿ ಇನ್ನೊಂದು ಜಾವಾ ಪ್ರೋಗ್ರಾಮನ್ನೇ ಓಡಿಸುತ್ತದೆ, ವಿಎಸ್ ಕೋಡ್ ತಾನೂ ಬ್ರೌಸರ್ ಎಂಜಿನ್‌ನ ಮೇಲೆ ನಿಂತಿದೆ. ಆದ್ದರಿಂದ ಹಗುರವೆಂಬ ಹೆಸರನ್ನು ನಂಬದೆ ಅಳೆದು ನೋಡಿ: ನಿಮ್ಮದೇ ಪ್ರಾಜೆಕ್ಟನ್ನು ತೆರೆದು, ಇಂಡೆಕ್ಸಿಂಗ್ (ಅದು ಫೈಲ್‌ಗಳನ್ನೆಲ್ಲ ಓದಿ ಪಟ್ಟಿ ಮಾಡಿಕೊಳ್ಳುವುದು) ಮುಗಿಯುವವರೆಗೆ ಕಾದು, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ಅಂಕಣವನ್ನು ಗಮನಿಸಿ. ಬ್ರೌಸರ್ ಕೂಡ ತೆರೆದಿರಲಿ, ಏಕೆಂದರೆ ಕೆಲಸ ಮಾಡುವಾಗ ಅದು ತೆರೆದೇ ಇರುತ್ತದೆ. ಆ್ಯಂಡ್ರಾಯ್ಡ್ ಸ್ಟುಡಿಯೋಗೆ ಕನಿಷ್ಠ 8 ಜಿಬಿ, ಎಮ್ಯುಲೇಟರ್ (ಕಂಪ್ಯೂಟರ್‌ನೊಳಗೇ ಓಡುವ ನಕಲಿ ಫೋನ್) ಸೇರಿದರೆ 16 ಜಿಬಿ ರ‍್ಯಾಮ್ ಬೇಕೆಂದು ತಯಾರಕರೇ ಹೇಳುತ್ತಾರೆ. 8 ಜಿಬಿಯಷ್ಟೇ ಇರುವವರು ಎಮ್ಯುಲೇಟರ್ ಬಿಟ್ಟು, ತಮ್ಮ ಫೋನನ್ನೇ ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಆ್ಯಪ್ ಓಡಿಸಿ ನೋಡುವುದು ಉತ್ತಮ.

ಹೊಸಬರು ಮೊದಲ ಒಂದೆರಡು ತಿಂಗಳು ಎಡಿಟರ್‌ನಲ್ಲಿ ಬರೆದು, ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ತಾವೇ ಕಂಪೈಲ್ ಮಾಡಬೇಕೆಂಬುದು, ಅಂದರೆ ಕೋಡನ್ನು ಓಡುವ ರೂಪಕ್ಕೆ ತರಬೇಕೆಂಬುದು, ನನ್ನ ದೃಢ ಅಭಿಪ್ರಾಯ. ಐಡಿಇಯಲ್ಲಿ ಪ್ರೋಗ್ರಾಂ ಓಡಿಸುವ ಹಸಿರು ಗುಂಡಿಯ ಹಿಂದೆ ಏನು ನಡೆಯುತ್ತದೆಂದು ತಿಳಿಯದೆ ಐಡಿಇ ಹಿಡಿದವರು ಬಿಲ್ಡ್ ನಿಂತಾಗ ಎಲ್ಲಿ ಹುಡುಕಬೇಕೆಂದು ತೋಚದೆ ಕೂರುವುದನ್ನು ಕಂಡಿದ್ದೇನೆ. ಹತ್ತಾರು ಫೈಲ್‌ಗಳು ಒಂದನ್ನೊಂದು ಕರೆಯುವ ಹಂತಕ್ಕೆ ಬಂದಾಗ, ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಸಾಲಿನ ಗುರುತು) ಇಟ್ಟು ಒಂದೊಂದೇ ಹೆಜ್ಜೆ ನಡೆಸಬೇಕೆನಿಸಿದಾಗ, ಅದೇ ಫೋಲ್ಡರನ್ನು ಐಡಿಇಯಲ್ಲಿ ತೆರೆಯಿರಿ. ಎರಡನ್ನೂ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಊರಿನಲ್ಲಿ ಕರೆಂಟ್ ಹೋಗಿ ಬ್ಯಾಟರಿಯ ಮೇಲೆಯೇ ಕೆಲಸ ಮುಗಿಸಬೇಕಾದಾಗ, ಇಂಟೆಲಿಜೆಯ ಫೈಲ್ ಮೆನುವಿನಲ್ಲಿರುವ ಪವರ್ ಸೇವ್ ಮೋಡ್ ಹಾಕಿದರೆ ಹಿಂಬದಿಯ ತಪಾಸಣೆಗಳು ನಿಲ್ಲುತ್ತವೆ.