ಅಪ್ಪೆಹುಳಿ ಕುಡಿದು ಮಲಗಿಬಿಟ್ಟ ಹಳೇ ಹುಡುಗ

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ನಾಯಕಿ ಹನ್ನೊಂದು ಸಲ ಅಳುತ್ತಿದ್ದಳು. ಬಸ್ಸಿನಲ್ಲಿ ಒಮ್ಮೆ, ಬಚ್ಚಲಲ್ಲಿ ಎರಡು ಸಲ, ಉಳಿದದ್ದೆಲ್ಲ ತೋಟದಲ್ಲಿ. ನಾನು ಬರೆಯಲು ಹೊರಟಿದ್ದು ನಗಿಸುವ ಪ್ರೇಮಕಥೆ! ಬೆಂಗಳೂರಿನಲ್ಲಿ ಮದುವೆ ನಿಶ್ಚಯವಾಗಿ ಮುರಿದುಬಿದ್ದ ಮೇಧಾ ಶಿರಸಿ ಹತ್ತಿರದ ಹಳ್ಳಿಗೆ ವಾಪಸ್ಸು ಬರುತ್ತಾಳೆ. ಎಂಟು ತಿಂಗಳಲ್ಲಿ ಹಳೆಯದು ಬಿಟ್ಟುಹೋಗುತ್ತದೆ, ಹೊಸದೊಂದು ಶುರುವಾಗುತ್ತದೆ. ಕಥೆ ಇಷ್ಟೇ. ಓದಿದ ಗೆಳತಿ, "ಇದನ್ನ ಓದಿ ನಂಗೆ ಊರಿಗೆ ಹೋಗೋದೇ ಬೇಡ ಅನ್ನಿಸ್ತು" ಅಂದಳು.

ಎಲ್ಲಿ ತಪ್ಪಿದ್ದೆ ಅಂತ ಗೊತ್ತಾಗಿದ್ದು ನಾನೇ ಊರಿಗೆ ಹೋದಾಗ. ಬಸ್ಸಿಳಿದು ಮನೆ ಮುಟ್ಟುವುದರೊಳಗೆ ನಾಲ್ಕು ಜನ ಕೇಳಿದರು: "ಯಾವಾಗ ಬಂದಿದ್ದು? ಯಾವಾಗ ಹೊರಡುದು?" ಎರಡೂ ಪ್ರಶ್ನೆ ಒಂದೇ ಉಸಿರಿನಲ್ಲಿ. ಎರಡು ದಿನಕ್ಕೆ ಬಂದ ನನಗೆ ಉತ್ತರ ಸುಲಭ. ಕೆಲಸವನ್ನೂ ಬಿಟ್ಟು ಬಂದ ಮೇಧಾ ಏನು ಹೇಳಬೇಕು? ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಲಿ ಅಂದುಕೊಂಡೆ. ಒಬ್ಬರಿಗೆ ವರ್ಕ್ ಫ್ರಮ್ ಹೋಮ್, ಇನ್ನೊಬ್ಬರಿಗೆ ಹಲ್ಲುನೋವು, ಮತ್ತೊಬ್ಬರಿಗೆ ಅಡಿಕೆ ಮೇಲೆ ಪಿಎಚ್‌ಡಿ. ಸಂಜೆಯಾದರೆ ಈ ಮೂವರೂ ಒಂದೇ ಜಗಲಿಯಲ್ಲಿ ಕೂತು ಎಲೆ-ಅಡಿಕೆ ಕವಳ ಹಾಕುತ್ತಾರಲ್ಲ! ಕಥೆ ಅಲ್ಲಿಂದ ಓಡತೊಡಗಿತು.

ಆಮೇಲೆ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ. ಯಾವ ಪಾತ್ರವೂ ಸುಮ್ನೆ ನಿಂತು ಮನಸ್ಸಿನ ಮಾತು ಆಡುವಂತಿಲ್ಲ, ಕೈಯಲ್ಲಿ ಕೆಲಸ ಇರಬೇಕು. ಹಾಗಾಗಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಮಳೆಗಾಲದಲ್ಲಿ ಮೇಧಾ ಮನೆಗೆ ಬಂದಳು. ಪಕ್ಕದ ತೋಟದ ಗಣಪತಿ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕದಡುತ್ತಿರುತ್ತಾನೆ. ಅವಳ ಬಿಳಿ ಕುರ್ತಾ ನೀಲಿಯಾಗುತ್ತದೆ. ಮೊದಲ ಭೇಟಿಗೆ ಅಷ್ಟು ಸಾಕು.

ಚಳಿಗಾಲಕ್ಕೆ ಅಡಿಕೆ ಸುಲಿ. ನನಗೆ ಬಹಳ ಇಷ್ಟವಾದ ಅಧ್ಯಾಯ ಅದು. ಮಣೆಗೆ ಕತ್ತಿ ಕೂರಿಸಿದ ಮೆಟ್ಟುಗತ್ತಿಯ ಮೇಲೆ ಕೂತು ಹಸಿ ಅಡಿಕೆ ಸುಲಿಯುವಾಗ ತಲೆ ಎತ್ತಿದರೆ ಬೆರಳಿಗೆ ಗಾಯ ಗ್ಯಾರಂಟಿ. ಸುತ್ತ ಹತ್ತು ಜನ, ಮಧ್ಯದಲ್ಲಿ ರಾಶಿ, ಅಕ್ಕಪಕ್ಕದಲ್ಲಿ ಇವರಿಬ್ಬರು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಬೇರೆಯವರಿಗೆ ಕೇಳುವಂತೆಯೂ ಮಾತಾಡುವಂತಿಲ್ಲ. ಮೊದಲು ಇವರನ್ನು ಕಾಫಿ ಕುಡಿಯುತ್ತ ಎದುರುಬದುರು ಕೂರಿಸಿದ್ದಾಗ ಎರಡು ಪುಟಕ್ಕೇ ಮಾತು ಮುಗಿದಿತ್ತು. ಇಲ್ಲಿ ಹದಿನಾಲ್ಕು ಪುಟ ಬಂತು. ಕೊನೆಯಲ್ಲಿ ಬೆರಳು ಕೊಯ್ದುಕೊಂಡಿದ್ದು ಗಣಪತಿ. ಯಾಕೆ ಅಂತ ಹತ್ತೂ ಜನಕ್ಕೆ ಗೊತ್ತಾಯಿತು.

ಇನ್ನು ನಮ್ಮ ಕಡೆಯ ಒಂದು ನಿಜ ಸಂಗತಿ. ತೋಟ ನೋಡಿಕೊಂಡು ಊರಲ್ಲೇ ಉಳಿದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ. ಇದನ್ನು ನಗಿಸಲು ಬಳಸುವುದಕ್ಕೆ ನನಗೆ ಅಳುಕಿತ್ತು, ಯಾಕೆಂದರೆ ಆ ಮನೆಗಳ ಸಂಕಟ ನಗುವಂಥದ್ದಲ್ಲ. ಕೊನೆಗೆ ಹುಡುಗರನ್ನು ಬಿಟ್ಟು ಅವರ ತಾಯಂದಿರ ಉತ್ಸಾಹವನ್ನು ಹಿಡಿದುಕೊಂಡೆ. ಮೇಧಾ ಬಂದ ಸುದ್ದಿ ಹಬ್ಬಿದ ವಾರವೇ ಅವಳ ಮನೆಗೆ ಐದು ಡಬ್ಬಿ ತೊಡದೇವು, ಅಂದರೆ ಕಾಗದದಂತೆ ತೆಳ್ಳಗಿನ ಸಿಹಿ ತಿಂಡಿ, ಬರುತ್ತದೆ. ಡಬ್ಬಿ ವಾಪಸ್ಸು ಕೊಡಲು ಅವಳೇ ಹೋಗಬೇಕು. ಖಾಲಿ ಡಬ್ಬಿ ಕೊಡುವ ಪದ್ಧತಿ ಇಲ್ಲ, ಏನಾದರೂ ತುಂಬಿಯೇ ಕೊಡಬೇಕು. ಈ ಡಬ್ಬಿಗಳ ಓಡಾಟವೇ ಮೂರು ಅಧ್ಯಾಯ ನುಂಗಿತು.

ಎಲ್ಲಕ್ಕಿಂತ ಜಾಸ್ತಿ ಒದ್ದಾಡಿದ್ದು ಹಳೇ ಹುಡುಗನ ವಿಷಯದಲ್ಲಿ. ಮೊದಲು ಅವನನ್ನು ಕೆಟ್ಟವನನ್ನಾಗಿ ಮಾಡಿದ್ದೆ. ಆಗ ಮೇಧಾ ಅವನನ್ನು ಬಿಟ್ಟಿದ್ದರಲ್ಲಿ ಏನೂ ವಿಶೇಷ ಉಳಿಯಲಿಲ್ಲ. ತಿರುಗಿ ಬರೆದಾಗ ಅವನು ಒಳ್ಳೆಯವನೇ, ಸ್ವಲ್ಪ ಹೆದರುಪುಕ್ಕಲ. ಕ್ಷಮೆ ಕೇಳಲು 400 ಕಿಲೋಮೀಟರ್ ರಾತ್ರಿ ಬಸ್ಸಿನಲ್ಲಿ ಬರುತ್ತಾನೆ. ಮನೆಯವರು ಮೊದಲು ಊಟಕ್ಕೆ ಕೂರಿಸುತ್ತಾರೆ, ಮಾವಿನಕಾಯಿಯ ತಿಳಿ ಸಾರಿನಂಥ ಅಪ್ಪೆಹುಳಿ ಬಡಿಸುತ್ತಾರೆ. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವನು ಮೂರು ಲೋಟ ಕುಡಿಯುತ್ತಾನೆ. "ಮೇಧಾ, ನಾನು ಒಂದು ಮಾತು" ಅನ್ನುವಷ್ಟರಲ್ಲಿ ಜಗಲಿಯ ಕಂಬಕ್ಕೆ ಒರಗಿ ಗೊರಕೆ. ಅವನಿಗೆ ಕಂಬಳಿ ಹೊದಿಸುವಾಗ ತನಗೆ ಕೋಪವೇ ಬರಲಿಲ್ಲ ಅನ್ನುವುದು ಮೇಧಾಗೆ ಹೊಳೆಯುತ್ತದೆ. ಹನ್ನೊಂದು ಅಳುವಿನಲ್ಲಿ ಹೇಳಲಾಗದ್ದು ಆ ಒಂದು ಕಂಬಳಿಯಲ್ಲಿ ಬಂತು.

ಕೊನೆಯ ಅಧ್ಯಾಯವನ್ನು ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಇಟ್ಟಿದ್ದೆ, 2023ರ ಮಾರ್ಚ್. ಕರಡು ಓದಿದ ಅತ್ತೆ ಫೋನು ಮಾಡಿದರು. "ಕೂಸೇ, ಆ ವರ್ಷ ಜಾತ್ರೆ ಎಲ್ಲಿತ್ತೇ? ಅದು ಬೇಡರ ವೇಷದ ವರ್ಷ." ಸರಿಯೇ. ಜಾತ್ರೆ ಎರಡು ವರ್ಷಕ್ಕೊಮ್ಮೆ, 2022ಕ್ಕೆ ಆಗಿತ್ತು, ಆಮೇಲಿನದು 2024ಕ್ಕೆ; ನಡುವಿನ ವರ್ಷ ಹೋಳಿಗೆ ಬೇಡರ ವೇಷದ ಕುಣಿತ. ಊರವಳಾಗಿ ನನಗೆ ಇದು ನೆನಪಿರಲಿಲ್ಲ ಅನ್ನುವುದಕ್ಕೆ ನಾಚಿಕೆಯಾಯಿತು. ಆದರೆ ಲಾಭವೂ ಆಯಿತು. ಹೋಳಿಯ ರಾತ್ರಿ ಗಣಪತಿಗೆ ಬೇಡರ ವೇಷ ಹಾಕಿಸಿದೆ. ಮುಖಕ್ಕೆಲ್ಲ ಬಣ್ಣ, ದಪ್ಪ ಮೀಸೆ, ಬೆನ್ನಿಗೆ ನವಿಲುಗರಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಜಗ್ಗಿ ಹಿಡಿದ ಇಬ್ಬರು. ಮನಸ್ಸಿನಲ್ಲಿದ್ದದ್ದನ್ನು ಎಂಟು ತಿಂಗಳು ಬಾಯಿ ಬಿಡದವನು ಕತ್ತಿ ಬೀಸುತ್ತ ನೇರ ಅವಳ ಕಡೆಗೇ ಕುಣಿದು ಬರುತ್ತಾನೆ. ಹಗ್ಗದವರು ಜಗ್ಗುತ್ತಾರೆ. ಮೇಧಾ ಅವರಿಗೆ, "ಸ್ವಲ್ಪ ಸಡಿಲ ಬಿಡಿ" ಅನ್ನುತ್ತಾಳೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ತಿದ್ದಿದ್ದನ್ನು ಓದಿ ಅತ್ತೆ ಮತ್ತೆ ಫೋನು ಮಾಡಿದರು. ಹೊಗಳುತ್ತಾರೆ ಅಂತ ಕಾದೆ.

"ಎಲ್ಲ ಸರಿ. ಆ ಗಣಪತಿ ಮನೆವರೆಗೆ ಡಾಂಬರು ರಸ್ತೆ ಇದ್ದಾ, ಅದನ್ನೇ ಬರೆದಿಲ್ಲ ನೀನು."