ಶ್ಯಾವಿಗೆ ಒರಳಿನಲ್ಲಿ ಬಟಾಟೆ: ನನ್ನ ಮೀಟ್‌ಬಾಲ್ ಊಟದ ಅನುಭವ

"ಇದು ಕೋಫ್ತಾನೇ ಅಲ್ವಾ? ಮಸಾಲೆ ಹಾಕೋದು ಮರೆತಿದ್ದೀಯ ಅಷ್ಟೇ." ಮೊದಲ ದಿನ ನಾನು ಮಾಡಿದ ಸ್ವೀಡನ್ ಶೈಲಿಯ ಮೀಟ್‌ಬಾಲ್, ಅಂದರೆ ಖೀಮಾ ಉಂಡೆಯ ತಟ್ಟೆ ನೋಡಿದ ಕೂಡಲೇ ನಮ್ಮ ಭಾವ ಹೇಳಿದ ಮಾತು ಇದು. ಪಕ್ಕದಲ್ಲಿದ್ದ ಬಟಾಟೆ ನೋಡಿ ಅಕ್ಕ, "ಒಗ್ಗರಣೆ ಬಾಕಿ ಇದೆಯೇನೋ?" ಅಂತ ಕೇಳಿದಳು. ಈಗ ಅದೇ ಭಾವ ಶನಿವಾರ ಮಧ್ಯಾಹ್ನ ಫೋನ್ ಮಾಡಿ "ನಂಗೆ ಎಂಟು ಉಂಡೆ ತೆಗೆದಿಡು ಮಾರಾಯ" ಅನ್ನುತ್ತಾರೆ. ಎರಡು ಮಳೆಗಾಲ ಹಿಡಿಯಿತು ಇಲ್ಲಿಗೆ ಬರಲಿಕ್ಕೆ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ಬೇಜಾರು ಮಾಡ್ಕೋಬೇಡಿ.

ನಾನು ಹದಿನಾಲ್ಕು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು. ಒಂದು ಹಡಗಿನಲ್ಲಿ ಕ್ಯಾಪ್ಟನ್ ಸ್ವೀಡನ್‌ನವನು. ವಾರಕ್ಕೊಮ್ಮೆ ಮೀಟ್‌ಬಾಲ್, ಬಟಾಟೆ ಮ್ಯಾಶ್ (ಬೇಯಿಸಿ ನುಣ್ಣಗೆ ಹಿಸುಕಿದ್ದು), ಕಂದು ಗ್ರೇವಿ, ಪಕ್ಕಕ್ಕೆ ಕೆಂಪು ಹುಳಿಹಣ್ಣಿನ ಜಾಮ್ ಇಲ್ಲದಿದ್ದರೆ ಅವನ ಮುಖ ಗಂಟು. ಅಲ್ಲಿ ದನದ ಮಾಂಸ, ಹಂದಿ ಮಾಂಸ ಕೂಡಿಸಿ ಮಾಡುತ್ತಿದ್ದೆವು. ಯಂತ್ರದಲ್ಲಿ ಹದವಾಗಿ ಅರೆದು, ಕೊಬ್ಬು ಲೆಕ್ಕ ಹಾಕಿ, ತಣ್ಣಗೆ ಪ್ಯಾಕ್ ಆಗಿ ಬರುತ್ತಿತ್ತು. ಕಣ್ಣು ಮುಚ್ಚಿ ಮಾಡಬಹುದಿತ್ತು. ಅದೇ ಸೊಕ್ಕಿನಲ್ಲಿ ಊರಲ್ಲೂ ಮಾಡಲು ಹೋಗಿ ಬಿದ್ದೆ.

ಊರಿಗೆ ಬಂದ ಮೇಲೆ ಕಾರವಾರದ ಕೋಡಿಬಾಗದಲ್ಲಿ ಮನೆಯ ಹಿಂದಿನ ಎರಡು ಕೋಣೆಯನ್ನು ಹೋಂಸ್ಟೇ ಮಾಡಿದೆ. ನಮ್ಮಲ್ಲಿ ಊಟ ಅಂದರೆ ಮೀನು. ಬಂಗಡೆ, ಇಸ್ವಣ, ಸೀಗಡಿ ಇದ್ದರೆ ಗಿರಾಕಿ ಖುಷಿ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಸಿಗುವ ಅಷ್ಟಿಷ್ಟು ಮೀನಿಗೆ ಚಿನ್ನದ ರೇಟು. ಆ ಎರಡು ತಿಂಗಳಿಗೆ ಏನಾದರೂ ಬೇರೆ ಬೇಕಿತ್ತು. 2024ರ ಮಳೆಗಾಲ ನೆನಪಿದೆಯಲ್ಲ, ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಕುಸಿಯಿತು, ಹೆದ್ದಾರಿ ಬಂದಾಯಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ದಕ್ಷಿಣದಿಂದಲೂ ಗಿರಾಕಿ ಇಲ್ಲ, ಗೋವಾ ಕಡೆಯಿಂದಲೂ ಇಲ್ಲ. ಕೈಯಲ್ಲಿ ಕೆಲಸ ಇಲ್ಲದೆ ಕೂತಿದ್ದಾಗ ಈ ಹುಚ್ಚು ಹತ್ತಿದ್ದು.

ಮೊದಲ ಸಲ ಒಂದು ಕಿಲೋ ಆಡಿನ ಖೀಮಾ ತಂದೆ. ಆಗ 750 ರೂಪಾಯಿ ಇರಬೇಕು. ಕೊಬ್ಬು ತೆಗೆಸಿ ಚೊಕ್ಕಟ ಮಾಡಿಸಿದ್ದೆ, ಅದೇ ಮೊದಲ ತಪ್ಪು. ಉಂಡೆ ನೋಡಲು ಚಂದ. ಕಚ್ಚಿದರೆ ರಬ್ಬರ್. ಮಗ ಒಂದನ್ನು ನೆಲಕ್ಕೆ ಬಿಟ್ಟು ಪುಟಿಯುತ್ತದಾ ಅಂತ ನೋಡಿದ. ಎರಡನೇ ಸಲ ಕೊಬ್ಬು ಬೇಕು ಅಂತ ಮೂತ್ರಪಿಂಡದ ಸುತ್ತಲಿನ ಬಿಳಿ ಕೊಬ್ಬನ್ನೇ ಕೊಚ್ಚಿಸಿ ಸೇರಿಸಿದೆ. ಬಿಸಿ ಇರುವಾಗ ಅಡ್ಡಿ ಇರಲಿಲ್ಲ. ಐದು ನಿಮಿಷ ಆರಿತೋ ಇಲ್ಲವೋ, ಬಾಯಿಯ ಮೇಲ್ಭಾಗಕ್ಕೆ ಮೇಣ ಹಚ್ಚಿದ ಹಾಗೆ ಹಿಡಿಯಿತು. ಆಡಿನ ವಾಸನೆ ಬೇರೆ. ಖಾರ ಮಸಾಲೆಯಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ಖಾರ ಇಲ್ಲದ ಈ ಗ್ರೇವಿಯಲ್ಲಿ ಅಡಗಲಿಕ್ಕೆ ಜಾಗ ಇಲ್ಲ.

ಮೂರನೆಯದು ನನ್ನದೇ ಜಾಣತನ. ಕರಾವಳಿಯಲ್ಲಿದ್ದುಕೊಂಡು ತೆಂಗಿನೆಣ್ಣೆ ಯಾಕೆ ಬೇಡ ಅಂತ ಗಟ್ಟಿಯಾದ ಎಣ್ಣೆಯನ್ನು ಖೀಮಾಕ್ಕೆ ಕಲಸಿದೆ. ಫ್ರಿಜ್ಜಿನಲ್ಲಿ ಕಲ್ಲಿನ ಹಾಗೆ ನಿಂತಿತು. ಬಾಣಲೆಗೆ ಹಾಕಿದ ಅರ್ಧ ನಿಮಿಷಕ್ಕೆ ಎಲ್ಲಾ ಎಣ್ಣೆ ಹೊರಗೆ, ಉಂಡೆ ಒಳಗೆ ಟೊಳ್ಳು. ನಾಲ್ಕನೇ ಸಲ ಸರಿಯಾಗಿಯೇ ಹೊರಟಿದ್ದೆ, ಮೂರು ಕಿಲೋ ತಂದು ರಾತ್ರಿಯೇ ಕಲಸಿ ಇಟ್ಟಿದ್ದೆ. ಗಾಳಿಮಳೆಗೆ ಕರೆಂಟ್ ಹೋದದ್ದು ಮಾರನೇ ದಿನ ಸಂಜೆ ಬಂತು. 2,300 ರೂಪಾಯಿ ಹೊಂಡಕ್ಕೆ. ಮನೆಯಾಕೆ ಏನೂ ಅನ್ನಲಿಲ್ಲ, ಸುಮ್ನೆ ಲೆಕ್ಕದ ಪುಸ್ತಕ ತಂದು ಮುಂದೆ ಇಟ್ಟಳು.

ಆಮೇಲೆ ಬುದ್ಧಿ ಬಂತು. ಈಗ ಮಾಡುವುದು ಹೀಗೆ. ಮಾಂಸ ಮುಂಗಾಲಿನ ಮೇಲ್ಭಾಗದ್ದು ಮುಕ್ಕಾಲು ಪಾಲು, ಎದೆಯ ಭಾಗದ್ದು ಕಾಲು ಪಾಲು. ಎದೆಯಲ್ಲಿ ಹದವಾದ ಕೊಬ್ಬು ಇರುತ್ತದೆ. ಯಂತ್ರಕ್ಕೆ ಎರಡು ಸಲ ಹಾಕಿಸುತ್ತೇನೆ. ಅಂಗಡಿಯವನು ಒಂದು ಸಲ ಸಾಕು ಅನ್ನುತ್ತಾನೆ, ಕೇಳಬೇಡಿ. ಮತ್ತೆ ಅವನ ಕಣ್ಣೆದುರೇ ನಿಂತುಕೊಳ್ಳಿ, ಇಲ್ಲದಿದ್ದರೆ ನರ, ಪರೆ ಎಲ್ಲ ಒಳಗೆ ಹೋಗುತ್ತದೆ. ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ, ಈಗಲೇ ಭಾನುವಾರ ಅಲ್ಲಿ ಸಾಲು ಜಾಸ್ತಿ.

ಕಿಲೋ ಖೀಮಾಕ್ಕೆ ಮೂರು ಚಮಚದಷ್ಟು ಉಪ್ಪು, ಚಹಾ ಚಮಚದ್ದು. ಮೊದಲು ಖೀಮಾ, ಉಪ್ಪು ಎರಡನ್ನೇ ನಾದಬೇಕು. ನಾಲ್ಕೈದು ನಿಮಿಷಕ್ಕೆ ಅದು ಬೆರಳಿಗೆ ಅಂಟಲು ಶುರುವಾಗುತ್ತದೆ, ಪಾತ್ರೆಯ ಬದಿಗೆ ನೂಲಿನ ಹಾಗೆ ಎಳೆ ಬಿಡುತ್ತದೆ. ಆ ಅಂಟು ಬಂದರೆ ಉಂಡೆ ಒಡೆಯುವುದಿಲ್ಲ. ಆಮೇಲೆ ಹಿಂದಿನ ದಿನದ ಪಾವ್ ನಾಲ್ಕು, ಅಂಚು ತೆಗೆದು ಒಂದು ಲೋಟ ಹಾಲಿನಲ್ಲಿ ನೆನೆಸಿ ಕಿವುಚಿದ್ದು. ಒಂದು ಮೊಟ್ಟೆ. ಬೆಣ್ಣೆಯಲ್ಲಿ ನಿಧಾನಕ್ಕೆ ಬಾಡಿಸಿ ಪೂರ್ತಿ ಆರಿಸಿದ ಈರುಳ್ಳಿ. ಪಾವ್ ಹಾಕಿದರೆ ಮೋಸ ಅಂತ ಕೆಲವರು ಮೂಗು ಮುರಿಯುತ್ತಾರೆ. ಮೋಸ ಅಲ್ಲ ಸ್ವಾಮಿ, ಮಾಂಸದ ರಸ ಹೀರಿ ಹಿಡಿದುಕೊಳ್ಳುವುದೇ ಅದು.

ಕೊಬ್ಬಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತುರಿಮಣೆಯಲ್ಲಿ. ಉಪ್ಪಿಲ್ಲದ ಬೆಣ್ಣೆ ನೂರು ಗ್ರಾಂ, ಫ್ರೀಜರಿನಲ್ಲಿ ಕಲ್ಲು ಮಾಡಿ, ತುರಿದು, ಕೊನೆಗೆ ಬೆರಳ ತುದಿಯಲ್ಲಿ ಬೆರೆಸುತ್ತೇನೆ. ಬೆಣ್ಣೆ ಬಾಯಿಯ ಬಿಸಿಗೇ ಕರಗುತ್ತದೆ, ಆಡಿನ ಕೊಬ್ಬಿನ ಹಾಗೆ ಹೆಪ್ಪುಗಟ್ಟಿ ಕೂರುವುದಿಲ್ಲ. ಆದರೆ ನಮ್ಮ ಕಾರವಾರದ ಸೆಕೆಗೆ ಅದು ಕೈಯಲ್ಲೂ ಕರಗುತ್ತದೆ. ಹಾಗಾಗಿ ಬೆಳಿಗ್ಗೆ ಆರರೊಳಗೆ ಕೆಲಸ. ಪಾತ್ರೆಯ ಕೆಳಗೆ ಐಸ್ ತಟ್ಟೆ, ಅಂಗೈಗೆ ಐಸ್ ನೀರು, ಫ್ಯಾನ್ ಕೆಳಗೆ. ಒಂದು ಉಂಡೆ ದೊಡ್ಡ ನೆಲ್ಲಿಕಾಯಿಯಷ್ಟು, ತೂಕ 25 ಗ್ರಾಂ ಆಸುಪಾಸು. ಮೊದಲು ಒಂದನ್ನೇ ಹುರಿದು ತಿಂದು ನೋಡಿ. ಉಪ್ಪು ಸರಿಯಾಗುವುದು ಅಲ್ಲೇ. ಉಳಿದವನ್ನು ಒಂದು ಗಂಟೆ ಫ್ರಿಜ್ಜಿನಲ್ಲಿ.

ಈರುಳ್ಳಿ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಬೇಸಿಗೆಯಲ್ಲಿ ಕುಮಟಾ ಹತ್ತಿರ ಹೆದ್ದಾರಿ ಬದಿ ಸಿಹಿ ಈರುಳ್ಳಿಯ ಜಡೆ ನೇತುಹಾಕಿರುತ್ತಾರಲ್ಲ, ಅದರಲ್ಲಿ ಎರಡು ಜಡೆ ತಂದು ಅಟ್ಟದಲ್ಲಿ ಕಟ್ಟಿದ್ದೆ. ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ ಬಾಡಿಸಿದರೆ ಬೆಲ್ಲದ ಹಾಗೆ ಆಗುತ್ತದೆ. ಪೇಟೆಯ ಕೆಂಪು ಈರುಳ್ಳಿಯಲ್ಲಿ ಆ ರುಚಿ ಇಲ್ಲ. ಜುಲೈ ಹೊತ್ತಿಗೆ ಜಡೆ ಖಾಲಿ, ಅರ್ಧ ನಮ್ಮ ಮನೆಯವರೇ ಹಸಿಯಾಗಿ ಊಟಕ್ಕೆ ಕಚ್ಚಿ ಮುಗಿಸಿದ್ದರು.

ಮಸಾಲೆಗೆ ಶಿರಸಿಯ ಸ್ನೇಹಿತರೊಬ್ಬರು ನೆರವಾದರು. ಅಪ್ಪಟ ಸಸ್ಯಾಹಾರಿ ಮನುಷ್ಯ. ತೋಟದ ಜಾಯಿಕಾಯಿ, ಕಾಳುಮೆಣಸು, ಸರ್ವಸಾಂಬಾರದ (ಆಲ್‌ಸ್ಪೈಸ್) ಎಲೆ ಕಟ್ಟಿ ಕೊಟ್ಟು "ಎಂತಕ್ಕೆ ಹಾಕ್ತೆ ಅಂತ ಮಾತ್ರ ಹೇಳಡ" ಅಂದರು. ಸ್ವೀಡನ್‌ನವರು ಸರ್ವಸಾಂಬಾರದ ಕಾಯಿ ಹಾಕುತ್ತಾರೆ. ನಮ್ಮಲ್ಲಿ ಗಿಡ ಇದ್ದರೂ ಕಾಯಿ ಸಿಗುವುದು ಕಷ್ಟ, ಎಲೆಯನ್ನೇ ಹಾಲಿನಲ್ಲಿ ಕುದಿಸಿ ಸೋಸಿದೆ. ಪರಿಮಳ ಅದೇ. ಜಾಯಿಕಾಯಿ ಜಾಸ್ತಿಯಾದರೆ ಕಹಿ, ಎರಡು ಸಲ ತುರಿಮಣೆಗೆ ಎಳೆದರೆ ಸಾಕು. ಅವರಿಗಾಗಿ ಎಳೆ ಹಲಸಿನಲ್ಲಿ ಇದೇ ಉಂಡೆ ಮಾಡಲು ಹೋದ ಕಥೆ ಬೇರೆ. ಇಸ್ವಣವನ್ನು ಚಮಚದಲ್ಲಿ ಕೆರೆದು ಮಾಡಿದ್ದು ಮಾತ್ರ ಬಹಳ ಚೆನ್ನಾಗಿತ್ತು, ಆದರೆ ಇಸ್ವಣದ ರೇಟಿಗೆ ಅದನ್ನು ಉಂಡೆ ಮಾಡುವುದು ಪಾಪ.

ಈಗ ಬಟಾಟೆ. ಇದು ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಕುಕ್ಕರಿನಲ್ಲಿ ನಾಲ್ಕು ಸೀಟಿ, ಮಿಕ್ಸಿಗೆ ಹಾಕಿ ಒಂದು ಸುತ್ತು. ಗೋಂದು ಬಂತು. ನಿಜವಾಗಲೂ, ಜಾತ್ರೆಯ ಪೋಸ್ಟರ್ ಅಂಟಿಸಬಹುದಿತ್ತು. ಮಿಕ್ಸಿಯ ಬ್ಲೇಡು ಹಿಟ್ಟಿನ ಕಣಗಳನ್ನು ಹರಿದುಹಾಕುತ್ತದೆ, ಆಮೇಲೆ ಎಷ್ಟು ಬೆಣ್ಣೆ ಸುರಿದರೂ ಅಷ್ಟೇ. ಕಡಗೋಲಿನಲ್ಲಿ ಕಡೆದೆ, ಗಂಟು ಉಳಿಯಿತು. ಜರಡಿಯಲ್ಲಿ ತಿಕ್ಕಿದೆ, ಹತ್ತು ತಟ್ಟೆಗೆ ಮುಕ್ಕಾಲು ಗಂಟೆ ಹೋಯಿತು, ತೋಳೂ ಹೋಯಿತು.

ಕೊನೆಗೆ ಕಣ್ಣಿಗೆ ಬಿದ್ದದ್ದು ಅಮ್ಮನ ಶ್ಯಾವಿಗೆ ಒರಳು. ಮರದ್ದು, ಹಿತ್ತಾಳೆ ಬಿಲ್ಲೆಯದ್ದು, ಕಾಯಿಹಾಲಿನ ಶ್ಯಾವಿಗೆಗೆ ವರ್ಷಕ್ಕೆರಡು ಸಲ ಇಳಿಯುತ್ತಿತ್ತು. ಬಿಸಿ ಬಟಾಟೆ ತುಂಬಿ ಒತ್ತಿದೆ. ಮೆತ್ತಗೆ, ಬಿಳಿಯಾಗಿ, ಹಗುರಾಗಿ ಎಳೆ ಎಳೆ ಇಳಿಯಿತು ನೋಡಿ, ಹಡಗಿನ ಅಡುಗೆಕೋಣೆಯ ಆ ದೊಡ್ಡ ಯಂತ್ರದಲ್ಲೂ ಇಷ್ಟು ನಯ ಬಂದಿರಲಿಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟಳು, ಅವಳ ಒರಳಿಗೆ ಬೆಣ್ಣೆ, ಬಟಾಟೆ ಮೆತ್ತಿದ್ದಕ್ಕೆ. ಈಗ ಸ್ಟೀಲಿನದ್ದು ತಂದಿದ್ದೇನೆ, 900 ಚಿಲ್ಲರೆ ಬಿತ್ತು. ತಣ್ಣಗಾದ ಬಟಾಟೆ ಮಾತ್ರ ಹಾಕಬೇಡಿ, ಒರಳೂ ಸಿಕ್ಕಿಕೊಳ್ಳುತ್ತದೆ, ಮ್ಯಾಶೂ ಅಂಟಾಗುತ್ತದೆ.

ಯಾವ ಬಟಾಟೆ ಅನ್ನುವುದು ಇನ್ನೂ ದೊಡ್ಡ ತಲೆನೋವು. ಹೊಸ ಬೆಳೆಯದ್ದರಲ್ಲಿ ನೀರು ಜಾಸ್ತಿ, ಮ್ಯಾಶ್ ಸೊರಗುತ್ತದೆ. ಭಾನುವಾರದ ಸಂತೆಯಲ್ಲಿ ಎಲ್ಲರೂ ಎಲ್ಲಾ ಬಟಾಟೆಗೂ "ಒಳ್ಳೇದು" ಅಂತಲೇ ಹೇಳುತ್ತಾರೆ. ನಾನು ಮಾಡುವ ಪರೀಕ್ಷೆ: ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕರಗಿಸಿ, ಬಟಾಟೆ ಬಿಡುತ್ತೇನೆ. ಮುಳುಗಿದ್ದು ಹಿಟ್ಟು ಜಾಸ್ತಿ ಇರುವುದು, ಮ್ಯಾಶ್‌ಗೆ. ತೇಲಿದ್ದು ಸಾರಿಗೆ, ಪಲ್ಯಕ್ಕೆ. ಉಪ್ಪುನೀರು ಚೆಲ್ಲದೆ ಇಟ್ಟುಕೊಂಡರೆ ಮೂರ್ನಾಲ್ಕು ವಾರ ನಡೆಯುತ್ತದೆ. ಕುಕ್ಕರ್ ಬಿಟ್ಟೆ. ಸಿಪ್ಪೆ ಸಮೇತ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸುತ್ತೇನೆ, ಆಮೇಲೆ ಸುಲಿದು ಬರೀ ಪಾತ್ರೆಯಲ್ಲಿ ಎರಡು ನಿಮಿಷ ಸಣ್ಣ ಉರಿಗೆ ಹಿಡಿದು ತೇವ ಆರಿಸುತ್ತೇನೆ. ಒತ್ತಿದ ಮೇಲೆ ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು. ತಣ್ಣನೆ ಹಾಲು ಬೇಡ. ಎರಡು ಕಿಲೋಗೆ ಬೆಣ್ಣೆ 200 ಗ್ರಾಂ. ಹೌದು, ಅಷ್ಟೂ.

ಹುರಿಯಲು ಬೀಡಿನ (ಎರಕದ ಕಬ್ಬಿಣದ) ಬಾಣಲೆಯೇ ಬೇಕು. ಒಂದು ಸಲಕ್ಕೆ ಹನ್ನೆರಡು ಉಂಡೆ, ಒತ್ತೊತ್ತಾಗಿ ಹಾಕಿದರೆ ನೀರು ಬಿಟ್ಟು ಬೇಯುತ್ತದೆ, ಕಂದಾಗುವುದಿಲ್ಲ. ತಳಕ್ಕೆ ಹತ್ತಿದ್ದನ್ನು ಕೆರೆದು ಬಿಸಾಕಬೇಡಿ. ಅದರಲ್ಲೇ ಎರಡು ಚಮಚ ಬೆಣ್ಣೆ, ಎರಡು ಚಮಚ ಮೈದಾ ಹುರಿದು, ಎಲುಬಿನ ಸಾರು ಎರಡು ಲೋಟ, ಕ್ರೀಮ್ ಅರ್ಧ ಲೋಟ. ಉಂಡೆಗಳನ್ನು ಮತ್ತೆ ಬಿಟ್ಟು ಏಳೆಂಟು ನಿಮಿಷ. ಥರ್ಮಾಮೀಟರ್ ಇದ್ದರೆ ಒಳಗೆ 71 ಡಿಗ್ರಿ ದಾಟಬೇಕು. ಇಳಿಸುವ ಮೊದಲು ಗ್ರೇವಿಗೆ ಇನ್ನೊಂದು ಚಮಚ ಏನೋ ಹಾಕುತ್ತೇನೆ. ಅದನ್ನು ಹೇಳುವುದಿಲ್ಲ. ಪ್ರತಿ ಮಲೆನಾಡಿನ ಮನೆಯ ಭರಣಿಯಲ್ಲಿ ಇದೆ, ಹುಡುಕಿಕೊಳ್ಳಿ.

ಕೆಂಪು ಜಾಮಿನ ಬದಲಿಗೆ ಮುರುಗಲು, ಅಂದರೆ ಕೋಕಂ. ಮೇ ತಿಂಗಳಲ್ಲಿ ಹಣ್ಣು ಸಿಗುವಾಗಲೇ ಸಕ್ಕರೆ ಹಾಕಿ ಕುದಿಸಿ ಬಾಟಲಿ ತುಂಬಿಡುತ್ತೇನೆ. ಬಣ್ಣ ಮೂಲದ್ದಕ್ಕಿಂತ ಚಂದ. ಒಂದು ಸಲ ಸೋಮಾರಿತನಕ್ಕೆ ಬೀಡಿನ ಬಾಣಲೆಯಲ್ಲೇ ಕುದಿಸಿದೆ, ಹುಳಿ ಕಬ್ಬಿಣ ಎಳೆದು ಕಪ್ಪಾಗಿ ಮೊಳೆ ನೆಕ್ಕಿದ ರುಚಿ ಬಂತು. ಸ್ಟೀಲ್ ಪಾತ್ರೆ ಬಳಸಿ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕಿಲೋ ಮಾಂಸದಿಂದ ಅರವತ್ತು ಉಂಡೆ, ತಟ್ಟೆಗೆ ಆರರಂತೆ ಹತ್ತು ತಟ್ಟೆ. ಮಾಂಸ 780, ಎಲುಬು 150, ಬೆಣ್ಣೆ, ಹಾಲು, ಕ್ರೀಮ್ ಸೇರಿ 350ರ ಮೇಲೆ, ಬಟಾಟೆ 80, ಪಾವ್, ಮೊಟ್ಟೆ, ಗ್ಯಾಸ್ ಅಂತ ಇನ್ನೊಂದು ನೂರು. ತಟ್ಟೆಗೆ ಹತ್ತಿರ ಹತ್ತಿರ 150 ಖರ್ಚು. ಮೊದಲು 180ಕ್ಕೆ ಕೊಟ್ಟೆ, ಮನೆಯಾಕೆಯ ಕೂಲಿಯೂ ಹುಟ್ಟಲಿಲ್ಲ. ಈಗ 320. ಯಾರೂ ಚೌಕಾಸಿ ಮಾಡಿಲ್ಲ. ಕಳೆದ ನಿಷೇಧದ ಎರಡು ತಿಂಗಳಲ್ಲಿ ಇನ್ನೂರು ತಟ್ಟೆ ಹೋಗಿರಬಹುದು. ಆ 2,300 ವಾಪಸ್ ಬಂತು, ಫ್ರಿಜ್ಜಿಗೆ ಇನ್ವರ್ಟರೂ ಬಂತು.

ಅಂದಹಾಗೆ, ಭಾವ ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. 2018ರಲ್ಲಿ ಸ್ವೀಡನ್ ದೇಶದ ಅಧಿಕೃತ ಟ್ವಿಟರ್ ಖಾತೆಯೇ, ನಮ್ಮ ಮೀಟ್‌ಬಾಲ್ ರಾಜ 12ನೇ ಚಾರ್ಲ್ಸ್ 18ನೇ ಶತಮಾನದ ಆರಂಭದಲ್ಲಿ ಟರ್ಕಿಯಿಂದ ತಂದ ಪಾಕ ಅಂತ ಬರೆದಿತ್ತು. ಟರ್ಕಿಯವರ ಕೋಫ್ತೆಯೂ ನಮ್ಮ ಕೋಫ್ತಾವೂ ನೆಂಟರೇ. ಇದನ್ನು ಭಾವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮೂರು ದೀಪಾವಳಿವರೆಗೆ ಬಿಡುವುದಿಲ್ಲ.

ಮ್ಯಾಶ್ ಉಳಿದರೆ ಮಾರನೇ ದಿನ ಬಿಸಿ ಮಾಡಿ ಬಡಿಸಬೇಡಿ, ಹೊಂದುವುದಿಲ್ಲ. ಅಕ್ಕ ಅದಕ್ಕೆ ಸಾಸಿವೆ, ಹಸಿಮೆಣಸು, ಕರಿಬೇವಿನ ಒಗ್ಗರಣೆ ಹಾಕಿ ಬೋಂಡಾ ಮಾಡುತ್ತಾಳೆ, "ಆವತ್ತೇ ಹೇಳಿದ್ನಲ್ಲ" ಅನ್ನುತ್ತಾ. ಉಂಡೆ ಉಳಿದರೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ, ಇಲ್ಲಿಯವರೆಗೆ ಉಳಿದಿಲ್ಲ.