ವಿಟ್ರಿಫೈಡ್ ಟೈಲ್‌ನ ಹಿಂಬದಿಯ ಬಿಳಿ ಪುಡಿಯನ್ನು ಒರೆಸಿಯೇ ಅಂಟಿಸಿ
ಅಡುಗೆಮನೆಯ ಕಟ್ಟೆಯ ಮೇಲಿನ ಗೋಡೆಗಾಗಲಿ, ನೆಲಕ್ಕಾಗಲಿ ವಿಟ್ರಿಫೈಡ್ ಟೈಲ್ ಕೂರಿಸುವ ಮುನ್ನ ಅದರ ಹಿಂಬದಿಯನ್ನು ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜಿನಿಂದ ಒರೆಸಿ, ತೇವ ಆರಿದ ಮೇಲೆ ಕರಣೆಯ ನೇರ ಅಂಚಿನಿಂದ ಟೈಲ್ ಗಮ್ಮನ್ನು ತೆಳುವಾಗಿ ಒತ್ತಿ ಸವರಿ, ಅನಂತರವೇ ಗೋಡೆ ಅಥವಾ ನೆಲಕ್ಕೆ ಹಚ್ಚಿ ಹಲ್ಲಿನ ಕರಣೆಯಿಂದ ಗೆರೆ ಎಳೆದ ಗಮ್ಮಿನ ಮೇಲೆ ಕೂರಿಸಿ. ಗೂಡಿನಲ್ಲಿ ಸುಡುವಾಗ ಟೈಲ್ ರೋಲರುಗಳಿಗೆ ಹತ್ತಿಕೊಳ್ಳದಿರಲೆಂದು ಕಾರ್ಖಾನೆಯಲ್ಲಿ ಹಿಂಬದಿಗೆ ಬಿಳಿ ಲೇಪ ಕೊಟ್ಟಿರುತ್ತಾರೆ; ಹೆಬ್ಬೆರಳಿನಿಂದ ಉಜ್ಜಿದರೆ ಅದು ರಂಗೋಲಿ ಪುಡಿಯಂತೆ ಕೈಗೆ ಬರುತ್ತದೆ. ಆ ಪುಡಿ ಉಳಿದರೆ ಗಮ್ ಟೈಲನ್ನು ಹಿಡಿಯದೆ ಪುಡಿಯನ್ನಷ್ಟೇ ಹಿಡಿಯುತ್ತದೆ, ಮೇಲಾಗಿ ವಿಟ್ರಿಫೈಡ್ ಟೈಲ್ ಹೀರುವ ನೀರು ಅದರ ತೂಕದ ಶೇ. 0.5ಕ್ಕಿಂತ ಹೆಚ್ಚಿರುವುದಿಲ್ಲವಾದ್ದರಿಂದ ಗಮ್ ಒಳಗಿಳಿದು ಹಿಡಿಯುವ ಆಸರೆಯೂ ಇರುವುದಿಲ್ಲ. ಕಳಚಿ ಬಿದ್ದ ಟೈಲಿನ ಬೆನ್ನು ಸ್ವಚ್ಛವಾಗಿದ್ದು ಗಮ್ಮಿನ ಗೆರೆಗಳೆಲ್ಲ ಗೋಡೆಯಲ್ಲೇ ಉಳಿದಿದ್ದರೆ ಮೊದಲು ಈ ಪುಡಿಯನ್ನೇ ಶಂಕಿಸಬೇಕು (ಗಮ್ ಬಹಳ ಹೊತ್ತು ಗಾಳಿಗೆ ಒಡ್ಡಿಕೊಂಡು ಕೆನೆಗಟ್ಟಿದ್ದರೂ ಹೀಗೆಯೇ ಆಗುತ್ತದೆ). ಹಿಂಬದಿಗೆ ಬಲೆ ಅಂಟಿಸಿರುವ ಮಾರ್ಬಲ್ಲಿಗೆ ಈ ಉಪಾಯ ಸಾಲದು, ಅಲ್ಲಿ ಎಪಾಕ್ಸಿಯಂತಹ ಬೇರೆ ಅಂಟೇ ಬೇಕು. ನಾಲ್ಕು ಮೂಲೆಗೂ ನಡುವಿಗೂ ಗಮ್ಮಿನ ಮುದ್ದೆಯಿಟ್ಟು ಒತ್ತುವ ಪದ್ಧತಿಯಲ್ಲಿ ಎಷ್ಟು ಒರೆಸಿದರೂ ಒಳಗೆ ಪೊಳ್ಳು ಉಳಿದೇ ಉಳಿಯುತ್ತದೆ. ಬಣ್ಣ ಬಳಿದ ಹಳೆಯ ಗೋಡೆಯಾದರೆ ಬಣ್ಣವೇ ಸಿಪ್ಪೆಯೆದ್ದು ಬರುವುದರಿಂದ ಮೊದಲು ಅದನ್ನು ಕೆರೆದು ತೆಗೆಯಬೇಕು.